ಐದನೇ ಬಟ್ಟೆ

ನನ್ನ ಪಿಕಪ್ಪಿಗೆ ಹತ್ತೊಂಬತ್ತು ವರ್ಷ. ಜನರ ಮನೆ ಸಾಮಾನು ಸಾಗಿಸಿಯೇ ನಾನು ಹೊಟ್ಟೆ ಹೊರೆಯುವುದು. ಕಳೆದ ಮಂಗಳವಾರ ಯಾರದೋ ಬೀರು, ಮಂಚ ಹೇರಿಕೊಂಡು, ಗುಂಡಿಯೊಂದರಲ್ಲಿ ಎಗರಿ ಸೇತುವೆ ಏರುತ್ತಿದ್ದಾಗ ಗಾಡಿ ಇದ್ದಕ್ಕಿದ್ದಂತೆ ಸೋತುಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆತವಿಲ್ಲ, ಹಿಂದೆ ಕಪ್ಪು ಹೊಗೆ. ಸೈಕಲ್ಲಿನವನೊಬ್ಬ ನನ್ನನ್ನು ದಾಟಿ ಹೋಗಿ, ತಿರುಗಿ ನೋಡಿ ನಕ್ಕ. ಸಾಮಾನನ್ನು ಬೇರೆ ಗಾಡಿಗೆ ಹಾಕಿ ಕಳಿಸಿ, ಒಂದನೇ ಗೇರಿನಲ್ಲಿ ತೆವಳುತ್ತಾ ಗಂಟು ಮೇಸ್ತ್ರಿಯ ಶೆಡ್ಡಿಗೆ ಬಂದೆ.

ಆ ಹೆಸರು ಅವರ ಮುಖ ನೋಡಿ ಬಂದದ್ದೆಂದು ಹೊಸಬರು ತಿಳಿಯುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬಟ್ಟೆ. ಎಂಜಿನ್ ಬಿಚ್ಚಿದಾಗ ತೆರೆದ ಪೈಪುಗಳೊಳಗೆ ಧೂಳು, ನಟ್ಟು ಬೀಳದಂತೆ ಬಟ್ಟೆ ತುರುಕುತ್ತಾರಲ್ಲ, ಎಳೆಯಲು ಸುಲಭವಾಗಲೆಂದು ಅದರ ತುದಿಗೆ ಅವರು ಗಂಟು ಹಾಕುತ್ತಾರೆ. ಕೆಲಸ ಶುರುವಾಗುವಾಗ ತಂತಿಯಿಂದ ಐದು ಬಟ್ಟೆ ತೆಗೆಯುವುದು, ಮುಗಿದಾಗ ಐದನ್ನೂ ಎಣಿಸಿ ಮತ್ತೆ ನೇತುಹಾಕುವುದು. "ಬಟ್ಟೆ ಎಷ್ಟಾಯ್ತೋ?" ಎಂದು ಅವರು ಕೇಳಬೇಕು, "ಐದು ಕಣಣ್ಣ" ಎಂದು ಜೊತೆಗೆ ದುಡಿಯುತ್ತಿದ್ದ ಅವರ ತಮ್ಮ ಹೇಳಬೇಕು. ಆಮೇಲೆಯೇ ಬಾನೆಟ್ ಮುಚ್ಚುವುದು. ತಮ್ಮನಿಗೆ ಮಾತ್ರ ಗಂಟಿನ ಅಭ್ಯಾಸವಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದ.

ಅಪ್ಪ ತೀರಿಕೊಂಡಾಗ ಆ ತಮ್ಮನಿಗೆ ಒಂಬತ್ತು ವರ್ಷ. ಸಾಕಿದ್ದು, ಓದಿಸಿದ್ದು, ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಎಲ್ಲಾ ಅಣ್ಣನೇ. ಹದಿನಾಲ್ಕು ವರ್ಷ ಇಬ್ಬರೂ ಒಟ್ಟಿಗೆ ದುಡಿದರು. ನಾಲ್ಕು ವರ್ಷದ ಹಿಂದೆ, ಇದೇ ನನ್ನ ಪಿಕಪ್ ಬಿಚ್ಚಿ ಜೋಡಿಸಿದ ದಿನ, ಎಣಿಸಿದರೆ ನಾಲ್ಕೇ ಬಟ್ಟೆ. ಮತ್ತೆ ಬಿಚ್ಚಿ ಹುಡುಕಿದರು, ಸಿಗಲಿಲ್ಲ.

"ಎಲ್ಲಿ ತುರುಕಿದ್ದೀಯ?" ಎಂದರು ಮೇಸ್ತ್ರಿ.

"ನಾನಿಟ್ಟಿದ್ದೆಲ್ಲಾ ತೆಗ್ದಿದೀನಿ ಕಣಣ್ಣ. ನಿಂದು ನೋಡ್ಕೋ."

ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. "ನಿನ್ನ ಸಾಕಿದ್ದೇ ತಪ್ಪಾಯ್ತು" ಎಂದುಬಿಟ್ಟರು, ನಾಲ್ಕು ಜನರ ಎದುರಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಕೈ ತೊಳೆದು, ಅಂಗಿ ಬದಲಿಸಿ ಹೊರಟುಹೋದ. ಈಗ ಬೇರೆ ಊರಿನ ಬಸ್ ಡಿಪೋದಲ್ಲಿದ್ದಾನೆ.

ಅತ್ತಿಗೆಗೆ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಅವರು ಅಡುಗೆಮನೆಯಲ್ಲಿ ಮಾತಾಡುವಷ್ಟು ಹೊತ್ತು ಮೇಸ್ತ್ರಿ ಟಿವಿಯ ಸದ್ದು ತಗ್ಗಿಸಿಕೊಂಡು ಕೂರುತ್ತಾರಂತೆ. ಶೆಡ್ಡಿನಲ್ಲಿ ತಮ್ಮನ ಸ್ಟೂಲಿನ ಮೇಲೆ ಯಾರೂ ಕೂರುವಂತಿಲ್ಲ. ನಾನೇ ಒಮ್ಮೆ ಬೈಸಿಕೊಂಡು ಎದ್ದಿದ್ದೇನೆ. ತಂತಿಯ ಮೇಲೆ ಅಂದಿನಿಂದ ನಾಲ್ಕೇ ಬಟ್ಟೆ. ಐದನೆಯದನ್ನು ಅವರು ಹರಿದುಕೊಳ್ಳಲೇ ಇಲ್ಲ. ತಮ್ಮನಿಗಾಗಿ ಆ ಮನುಷ್ಯ ಒಳಗೊಳಗೇ ಬೇಯುತ್ತಿದ್ದರು, ಆದರೆ ತಾವಾಗಿ ಮಾತಾಡಿಸಲು ಹಾಳು ಹಮ್ಮು ಬಿಡಲಿಲ್ಲ.

ಮಂಗಳವಾರ ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟರು. ನಿಂತಲ್ಲಿ ಸರಿಯಾಗಿಯೇ ಇತ್ತು. ಒತ್ತಿದರೆ ಮಾತ್ರ ಏದುಸಿರು.

"ಡೀಸೆಲ್ ಹೋಗ್ತಿದೆ, ಗಾಳಿ ಸಾಲ್ತಿಲ್ಲ. ಅದಕ್ಕೇ ಹೊಗೆ ಕಪ್ಪು."

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದರು. ಹೊಸದು, ಚೊಕ್ಕವಾಗಿತ್ತು. ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪು ಅಮುಕಿ ನೋಡಿದರು, ಎಲ್ಲೂ ಕುಸಿದಿರಲಿಲ್ಲ. ಕೊನೆಗೆ, ಹೊರಗಿನ ಗಾಳಿಯನ್ನು ಫಿಲ್ಟರಿಗೆ ತರುವ ಉದ್ದ ಪೈಪನ್ನೇ ಕಳಚಿ, "ಈಗ ಒತ್ತು" ಎಂದರು. ಎಂಜಿನ್ ಹಳೆಯ ದನಿಯಲ್ಲಿ ಗರ್ಜಿಸಿತು. ಹಾಗಾದರೆ ಅಡ್ಡಿ ಇರುವುದು ಕಳಚಿದ ಪೈಪಿನಲ್ಲೇ.

"ಇಲಿ ಗೂಡು ಕಟ್ಟಿರ್ಬೇಕು," ಎಂದೆ.

"ನಿನ್ನ ಗಾಡೀಲಾ? ಇಲಿಗೂ ಮರ್ಯಾದೆ ಇರತ್ತೆ."

ಆ ಪೈಪಿನ ಪಕ್ಕಕ್ಕೆ, ಸದ್ದು ತಗ್ಗಿಸಲೆಂದು, ಒಂದು ಖಾಲಿ ಡಬ್ಬಿ ಅಂಟಿಕೊಂಡಿರುತ್ತದೆ. ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಮೇಸ್ತ್ರಿ ಪೈಪಿನೊಳಗೆ ಎರಡು ಬೆರಳು ತೂರಿಸಿ ಎಳೆದರು. ಧೂಳು ಮೆತ್ತಿದ ಬಟ್ಟೆ ಬಂತು. ಡಬ್ಬಿಯೊಳಗೆ ನಾಲ್ಕು ವರ್ಷ ಬಿದ್ದಿದ್ದದ್ದು, ಸೇತುವೆಗೆ ಮುಂಚಿನ ಗುಂಡಿಯಲ್ಲಿ ಗಾಡಿ ಎಗರಿದಾಗ ಪೈಪಿಗೆ ಜಾರಿ ಸಿಕ್ಕಿಕೊಂಡಿತ್ತು. ಅದರ ತುದಿಯಲ್ಲಿ ಗಂಟಿತ್ತು.

ಮೇಸ್ತ್ರಿ ಹೆಬ್ಬೆರಳಿನಿಂದ ಗಂಟಿನ ಧೂಳು ಒರೆಸಿದರು. ತಮ್ಮನ ಸ್ಟೂಲ್ ಎಳೆದುಕೊಂಡು ಕೂತರು.

"ನಂದೇ," ಎಂದರು. "ಅವನು ಗಂಟು ಹಾಕೋನೇ ಅಲ್ಲ."

"ಫೋನ್ ಮಾಡಿ."

"ಯಾವ ಮುಖ ಇಟ್ಕೊಂಡು ಮಾಡ್ಲಿ?"

"ಇರೋ ಮುಖಾನೇ ಇಟ್ಕೊಳ್ಳಿ. ಫೋನಲ್ಲಿ ಕಾಣಲ್ಲ."

ಅವರ ಕೈಯೆಲ್ಲಾ ಗ್ರೀಸು. ನನ್ನ ಫೋನಿನಲ್ಲಿ ಒತ್ತುವಂತೆ ನಂಬರು ಹೇಳಿದರು. ಒಮ್ಮೆಯೂ ಕರೆ ಮಾಡದ ನಂಬರು, ಒಂದು ಅಂಕಿಯೂ ತಡವರಿಸದೆ ಹೇಳಿದರು. ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ.

"ಯಾರು?" ಎಂದಿತು ಆ ಕಡೆಯ ದನಿ.

"ನಾನು ಕಣೋ, ಅಣ್ಣ. ಆ ಪಿಕಪ್ ಬಂದಿದೆ. ಪಕ್ಕದ ಡಬ್ಬೀಲಿ ಬಟ್ಟೆ ಇತ್ತು. ಗಂಟು ಹಾಕಿದ್ದು. ತಪ್ಪು ನಂದು. ಅವತ್ತು ಆಡಿದ ಮಾತೂ ತಪ್ಪು."

ಆ ಕಡೆ ಬಸ್ಸೊಂದು ಹಿಂದಕ್ಕೆ ಸರಿಯುವ ಸದ್ದು ಕೇಳಿಸಿತು.

"ಬಟ್ಟೆ ಎಷ್ಟಾಯ್ತಣ್ಣ?"

ಮೇಸ್ತ್ರಿ ಎದ್ದು ಆ ಬಟ್ಟೆಯನ್ನು ತಂತಿಗೆ ಹಾಕಿದರು. ಒಂದೊಂದನ್ನೂ ಮುಟ್ಟಿ ಎಣಿಸಿದರು.

"ಐದು ಕಣೋ."

"ಹಾಗಾದ್ರೆ ಬಾನೆಟ್ ಮುಚ್ಚು."

"ನಾನು ಮುಚ್ಚಲ್ಲ. ನೀನೇ ಬಂದು ಮುಚ್ಚು."

"ಭಾನುವಾರ ರಜೆ ಇದೆ," ಎಂದಷ್ಟೇ ಹೇಳಿ ತಮ್ಮ ಫೋನ್ ಇಟ್ಟ.

ಇವತ್ತು ಶುಕ್ರವಾರ. ಗಾಡಿ ಸರಿಯಾಗಿದೆ, ಬಾನೆಟ್ ಬಾಯಿ ತೆರೆದುಕೊಂಡೇ ಶೆಡ್ಡಿನಲ್ಲಿ ನಿಂತಿದೆ. ಮೇಸ್ತ್ರಿ ಸ್ಟೂಲನ್ನು ಒರೆಸಿ ಅದರ ಜಾಗದಲ್ಲಿಟ್ಟಿದ್ದಾರೆ. ಮೂರು ಬಾಡಿಗೆ ಕೈತಪ್ಪಿದರೂ ನಾನು ಗಾಡಿ ಕೇಳಲು ಹೋಗಿಲ್ಲ.