ನಾದಬಾರದ ಹಿಟ್ಟು

ರವಿವಾರ ಬೆಳಿಗ್ಗೆ ಮಾವ ಎಲ್ಲಿದ್ದಾರೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಪುಣೆಯ ಬಿಬವೇವಾಡಿಯ ನಮ್ಮ ಗಲ್ಲಿಯ ತುದಿಯಲ್ಲಿದ್ದ ಮಿಸಳ್ ಹೋಟೆಲಿನಲ್ಲಿ, ಗೋಡೆ ಬದಿಯ ಬೆಂಚಿನ ಮೇಲೆ, ಹಳೆಯ ಆಫೀಸಿನ ಮೂವರು ಗೆಳೆಯರ ಜೊತೆ ಅವರು ಕೂತಿರುತ್ತಿದ್ದರು. ನಾಲ್ವರೂ ನಿವೃತ್ತ ಗುಮಾಸ್ತರು. ಮೂವರು ಮರಾಠಿಯವರು, ಮಾವ ಒಬ್ಬರೇ ವಿಜಾಪುರದ ಕಡೆಯ ಕನ್ನಡದವರು. ಆಫೀಸು ಬಿಟ್ಟು ವರ್ಷಗಳಾಗಿದ್ದರೂ ಅಲ್ಲಿ ಕೂತು ಅದೇ ಆಫೀಸಿನ ಸಾಹೇಬರುಗಳನ್ನು ಬೈಯುತ್ತಿದ್ದರು. ಆ ಸಾಹೇಬರುಗಳಲ್ಲಿ ಕೆಲವರು ತೀರಿಕೊಂಡಿದ್ದರು. ಅದು ಬೈಗುಳಕ್ಕೆ ಅಡ್ಡಿಯಾಗಿರಲಿಲ್ಲ. ಮುಂದೆ ಮಿಸಳಿನ ತಟ್ಟೆ: ಮೊಳಕೆ ಬಂದ ಮಡಕಿ ಕಾಳಿನ ಕೆಂಪು ರಸ, ಮೇಲೆ ಕರಿದ ಖಾರದ ಫರಸಾಣ, ಹಸಿ ಉಳ್ಳಾಗಡ್ಡಿ, ಪಕ್ಕದಲ್ಲಿ ಮೈದಾ ಬ್ರೆಡ್ಡಿನ ಜೋಡಿ ಪಾವು. ಪಾವನ್ನು ಹರಿದು ರಸದಲ್ಲಿ ಅದ್ದುವಾಗ ಮಾತ್ರ ಬೈಗುಳ ಸ್ವಲ್ಪ ನಿಲ್ಲುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಮಾವ ಒಂದೇ ಸಮನೆ ತೆಳ್ಳಗಾಗತೊಡಗಿದರು. ಹೊಟ್ಟೆ ನಿಲ್ಲುತ್ತಿರಲಿಲ್ಲ. ಹಲವು ಪರೀಕ್ಷೆಗಳಾದ ಮೇಲೆ ಡಾಕ್ಟರು, ಗೋದಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇವರ ಕರುಳಿಗೆ ಆಗುವುದಿಲ್ಲ, ಇನ್ನು ಜೀವಮಾನವಿಡೀ ಗೋದಿ ಬಂದ್ ಎಂದರು. ಕರುಳು ಸುಧಾರಿಸುವವರೆಗೆ ಹಾಲು, ಮೊಸರು, ಬೆಣ್ಣೆಯೂ ಬೇಡ. ತತ್ತಿಯ ವಿಷಯ ಅವರು ಎತ್ತಲಿಲ್ಲ. ಎತ್ತಿದ್ದರೂ ಅದು ನಮ್ಮ ಹೊಸ್ತಿಲು ಒಮ್ಮೆಯೂ ದಾಟಿದ್ದಲ್ಲ.

ಅತ್ತೆ ಈ ಸುದ್ದಿಯನ್ನು ಕೇಳಿ ಹೆದರಲಿಲ್ಲ. ಒಳಗೊಳಗೆ ಖುಷಿಯಾಗಿರಬೇಕು ಎಂದೇ ನನ್ನ ಅನುಮಾನ. ಅವರ ಕೈಯ ಜೋಳದ ರೊಟ್ಟಿಗೆ ಈಗ ಡಾಕ್ಟರರ ಬೆಂಬಲ ಸಿಕ್ಕಿತ್ತು. ಜೋಳ ಊರಿನಿಂದಲೇ ಬರುತ್ತಿತ್ತು; ಕಾತ್ರಜದ ಬಸ್ ನಿಲ್ದಾಣಕ್ಕೆ ಹೋಗಿ ಊರಿನ ಬಸ್ಸಿನ ನೆತ್ತಿಯಿಂದ ಚೀಲ ಇಳಿಸಿಕೊಂಡು ಬರುವುದು ನನ್ನ ಗಂಡನ ಕೆಲಸ. ಎರಡು ಹೊತ್ತೂ ರೊಟ್ಟಿ ಬಡಿಯುವ ಮನೆಯಲ್ಲಿ ಗೋದಿ ಹೋದರೆ ಹೋಯಿತು ಎಂಬಂತೆ ಅತ್ತೆ ಚಪಾತಿಯ ಲಟ್ಟಣಿಗೆಯನ್ನು ಮೇಲಿನ ಹಲಗೆಗೆ ಹಾಕಿಬಿಟ್ಟರು.

ಪಾವಿನ ಲೆಕ್ಕ ಯಾರೂ ಹಾಕಿರಲಿಲ್ಲ.

ಮೊದಲ ರವಿವಾರ ಮಾವ ಹೋಗಲಿಲ್ಲ. ಮನೆಯಲ್ಲಿ ಕೂತು ಪೇಪರು ಓದಿದರು. ನಾನು ಕೆಲಸ ಮಾಡುತ್ತಿದ್ದ ಪೇಪರೇ ಅದು. ಟೆಂಡರ್ ಜಾಹೀರಾತುಗಳವರೆಗೂ ಓದಿ, ಮೂರನೇ ಪುಟದ ಒಂದು ಸುದ್ದಿಯಲ್ಲಿ ರಸ್ತೆಯ ಹೆಸರು ತಪ್ಪಿದೆ ಎಂದು ತೋರಿಸಿದರು. ಆ ಸುದ್ದಿ ನನ್ನದು. ಎರಡನೇ ರವಿವಾರವೂ ಹಾಗೇ ಕಳೆಯಿತು. ಮೊಣಕಾಲು ನೋವು ಎಂದರು. ಮೊಣಕಾಲಿಗೂ ಗೋದಿಗೂ ಸಂಬಂಧವಿದೆಯೇ ಎಂದು ಅತ್ತೆ ನನ್ನನ್ನು ಕೇಳಿದರು. ಇಲ್ಲ ಎಂದೆ. ಹಾಗಾದರೆ ಸುಳ್ಳು ಎಂದು ಅವರು ತೀರ್ಮಾನಿಸಿದರು.

ಮರುವಾರ ಅವರೇ ಎರಡು ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಮಾವನ ಕೈಗಿಟ್ಟು ಹೋಟೆಲಿಗೆ ಕಳಿಸಿದರು. ಮಿಸಳಿನಲ್ಲಿ ಇಂಗು ಇರುತ್ತದೆಯೇ ಎಂದು ನಾನು ಮೊದಲೇ ಹೋಗಿ ವಿಚಾರಿಸಿ ಬಂದಿದ್ದೆ, ಏಕೆಂದರೆ ಡಬ್ಬಿಯ ಇಂಗಿನಲ್ಲಿ ಗೋದಿ ಹಿಟ್ಟು ಬೆರೆತಿರುತ್ತದೆ. ಇಲ್ಲ, ಬೆಳ್ಳುಳ್ಳಿ ಮಾತ್ರ ಎಂದರು ಹೋಟೆಲಿನವರು. ಫರಸಾಣವೂ ಕಡಲೆ ಹಿಟ್ಟಿನದೇ. ಎಲ್ಲ ಸರಿಯಿತ್ತು. ಆದರೆ ಮಾವ ಬೇಗನೆ ವಾಪಸು ಬಂದರು, ಬಟ್ಟೆಯ ಗಂಟು ಹಾಗೇ ಇತ್ತು. ಹೆಂಡತಿ ಬಾಲವಾಡಿಗೆ ಬುತ್ತಿ ಕಟ್ಟಿ ಕಳಿಸಿದ್ದಾಳೆ ಎಂದು ಒಬ್ಬ ಗೆಳೆಯ ಅಂದನಂತೆ. ರೊಟ್ಟಿ ಆರಿತ್ತು, ಅದಕ್ಕೇ ತಿನ್ನಲಿಲ್ಲ ಎಂದರು ಮಾವ. ಅದಾದ ಮೇಲೆ ಮತ್ತೆ ಮೊಣಕಾಲು ನೋವು.

ನಮ್ಮ ಪೇಪರಿನ ರವಿವಾರದ ಪುರವಣಿ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯ ಬಳಿ ಈ ಮಾತು ಬಂತು. ಸೋಡಾ ಬ್ರೆಡ್ ಅಂತ ಒಂದಿದೆ, ಈಸ್ಟ್ ಬೇಡ, ಹುದುಗು ಬೇಡ, ಅಡುಗೆ ಸೋಡಾ ಮತ್ತು ಹುಳಿ ಮಜ್ಜಿಗೆ ಸೇರಿದರೆ ತಾನೇ ಉಬ್ಬುತ್ತದೆ ಎಂದಳು. ಗೋದಿಯ ಬದಲು ಬೇರೆ ಹಿಟ್ಟು, ಮಜ್ಜಿಗೆಯ ಬದಲು ಬೇರೆ ಹುಳಿ ಹಾಕಿ ನೋಡು. ಒಂದೇ ಒಂದು ಮಾತು ನೆನಪಿರಲಿ: ನಾದಬೇಡ. ಕೂಡಿಸು, ಓವನ್ನಿಗೆ ಇಡು. ಗೋದಿಯಿಲ್ಲದ, ಹಾಲಿಲ್ಲದ ಇಂಥದ್ದಕ್ಕೆ ಹೊರದೇಶದಲ್ಲಿ ಗ್ಲುಟೆನ್-ಫ್ರೀ, ವೀಗನ್ ಎಂದೆಲ್ಲ ಹೆಸರಿದೆ ಎಂದೂ ಹೇಳಿದಳು. ಆ ಹೆಸರುಗಳನ್ನು ಮನೆಯಲ್ಲಿ ಹೇಳಿದಾಗ ಅತ್ತೆ, "ನಮ್ಮ ಕಡೆ ಇದಕ್ಕ ಪಥ್ಯ ಅಂತಾರ" ಎಂದರು.

ಓವನ್ ಇತ್ತು. ಮುಚ್ಚಳದ ಮೇಲೆ ಗಾಜಿನ ಕಿಟಕಿಯಿರುವ ಗುಂಡನೆಯ ಅಲ್ಯೂಮಿನಿಯಂ ಕರೆಂಟ್ ಓವನ್, ನಮ್ಮ ಮದುವೆಯಲ್ಲಿ ಯಾರೋ ಕೊಟ್ಟದ್ದು. ನಾನಖಟಾಯಿ ಬಿಸ್ಕಿಟ್ಟಿಗಿಂತ ಹೆಚ್ಚಿನದನ್ನು ಅದು ಕಂಡಿರಲಿಲ್ಲ. ಜೋಳದ ಹಿಟ್ಟು, ಅಕ್ಕಿ ಹಿಟ್ಟು, ಪುಡಿ ಮಾಡಿದ ಸಾಬೂದಾಣಿ. ಅಂಟು ಬರಲು ಅಗಸಿಯ ಪುಡಿಯನ್ನು ನೀರಿನಲ್ಲಿ ನೆನೆಸಿದರೆ ಲೋಳೆಯಾಗುತ್ತದೆ; ಅಗಸಿ ಚಟ್ನಿ ಮಾಡುವ ಮನೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಹುಳಿಗೆ ಆಮಸೂಲ, ಅಂದರೆ ಒಣಗಿದ ಕೋಕಂ ಸಿಪ್ಪೆ, ನೆನೆಸಿದ ನೀರು ಹಾಕಿದೆ. ಸೋಡಾ ಬಿದ್ದ ಕೂಡಲೇ ಆ ಚೆಂದದ ಕೆಂಪು ನೀರು ಬೂದಿ ನೀಲಿಗೆ ತಿರುಗಿತು. ಬೆಂದು ಹೊರಬಂದದ್ದು ಮಳೆಯಲ್ಲಿ ನೆನೆದ ಸಿಮೆಂಟಿನ ಹಾಗಿತ್ತು. ಮಾವ ಅದರ ಸುತ್ತ ಒಂದು ಸುತ್ತು ಬಂದರು. ನಿವೃತ್ತ ಗುಮಾಸ್ತರು ಲಿಖಿತವಾಗಿ ಕೇಳದ ಹೊರತು ಅಭಿಪ್ರಾಯ ಹೇಳುವುದಿಲ್ಲ.

ಮುಂದಿನ ಸಲ ಆಮಸೂಲ ಬಿಟ್ಟು ನಿಂಬೆಹಣ್ಣು ತಂದೆ. ಬಣ್ಣ ಸರಿಯಾಯಿತು. ಆದರೆ ನಾನು ನಿಂಬೆಯ ಬೀಜ ತೆಗೆಯುವಷ್ಟರಲ್ಲಿ ಅತ್ತೆ ಪರಾತದ ಮುಂದೆ ಕೂತು ಹಿಟ್ಟು ನಾದತೊಡಗಿದ್ದರು. ಜೋಳದ ಹಿಟ್ಟನ್ನು ಅವರು ನಾದುವುದು ನೋಡಬೇಕು. ಅಂಗೈಯ ಬುಡದಿಂದ ಒತ್ತಿ, ಮುಂದಕ್ಕೆ ತಳ್ಳಿ, ಮಡಚಿ, ಮತ್ತೆ ಒತ್ತಿ. ಹಿಟ್ಟಿನಲ್ಲಿ ಒಂದು ಬಿರುಕೂ ಉಳಿಯಬಾರದು. ಉಳಿದರೆ ರೊಟ್ಟಿಯ ಅಂಚು ಸೀಳುತ್ತದೆ. ಸೋಡಾ ಬ್ರೆಡ್ಡಿಗೆ ಬೇಕಾದ ಗಾಳಿಯನ್ನೆಲ್ಲ ಅವರು ಹೀಗೆ ಶ್ರದ್ಧೆಯಿಂದ ಹೊರಗಟ್ಟಿದರು. ಬ್ರೆಡ್ಡು ಒಳಗೆ ಹೋದಷ್ಟೇ ಎತ್ತರದಲ್ಲಿ ಹೊರಬಂತು. ಚಾಕು ಹೋಗಲಿಲ್ಲ.

ನಾದಬಾರದು ಅತ್ತೆ ಎಂದು ವಿವರಿಸಿದೆ.

"ನಾದಲಿಲ್ಲಂದ್ರ ಅದು ಹಿಟ್ಟ ಹೆಂಗಾಗ್ತದ?" ಎಂದರು. ಆದರೂ ಒಪ್ಪಿದರು. ಮರುವಾರ ಚಮಚದಿಂದ ಮಾತ್ರ ಕೂಡಿಸುತ್ತೇನೆ ಎಂದು ಮಾತು ಕೊಟ್ಟು, ಚಮಚದಿಂದಲೇ ಶುರುಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಾತಾಡುತ್ತ ಮಾತಾಡುತ್ತ ಚಮಚ ಯಾವಾಗ ಬದಿಗೆ ಹೋಯಿತೋ, ಕೈ ಯಾವಾಗ ಒಳಗೆ ಹೋಯಿತೋ ನಾವಿಬ್ಬರೂ ನೋಡಲಿಲ್ಲ. ನೋಡಿದಾಗ ಹಿಟ್ಟು ನುಣ್ಣಗೆ, ಚೆಂಡಿನಂತೆ, ರೊಟ್ಟಿಗೆ ಸಿದ್ಧವಾಗಿ ಕೂತಿತ್ತು. ಅತ್ತೆ ತಮ್ಮ ಕೈಗಳನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡರು. ಆ ಸಲದ ಬ್ರೆಡ್ಡನ್ನು ನನ್ನ ಗಂಡ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟು ನೋಡಿದ. ಬಾಗಿಲು ನಿಂತಿತು.

ತಪ್ಪಾದದ್ದು ಅವನ ಮುಂದಿನ ಮಾತಿನಿಂದ. ಮನೆಯಲ್ಲಿ ಇಷ್ಟು ಒಳ್ಳೆಯ ರೊಟ್ಟಿ ಇರುವಾಗ ಅಪ್ಪನಿಗೆ ಈ ಇಟ್ಟಿಗೆ ಯಾಕೆ ಬೇಕು, ಬಿಸಿ ರೊಟ್ಟಿಯನ್ನೇ ಡಬ್ಬಿಯಲ್ಲಿ ಒಯ್ಯಲಿ ಎಂದ. ಅತ್ತೆ, ಅದೇ ನಾನೂ ಹೇಳುವುದು ಎಂದರು. ಇಬ್ಬರೂ ಮಾವನ ಕಡೆ ತಿರುಗಿದರು. ಮಾವ ಪೇಪರು ಮಡಚಿಟ್ಟರು.

"ಆರು ದಿನ ರೊಟ್ಟಿ ತಿಂತೀನಿ," ಎಂದರು. "ಏಳನೇ ದಿನ ರೊಟ್ಟಿ ಬ್ಯಾಡ ಅನಸ್ತದ. ಮದಿವಿ ಆದಾಗಿಂದ ಅನಸ್ತದ."

ನನ್ನ ಗಂಡ ಇಟ್ಟಿಗೆಯನ್ನು ಎತ್ತಿಕೊಂಡು ಬಾಗಿಲ ಕಡೆ ಹೋದ.

"ಇಷ್ಟ ವರ್ಷ ಬಾಯಿಗೆ ಬೀಗ ಹಾಕಿದ್ರ್ಯಾ?" ಎಂದರು ಅತ್ತೆ.

"ಆಫೀಸಿನಾಗ ರವಿವಾರ ರಜಾ ಇತ್ತು. ಅದ್ರಾಗ ರೊಟ್ಟಿ ರಜಾನೂ ಸೇರಿಸಿಕೊಂಡಿದ್ದೆ."

ಅತ್ತೆ ಕೂಗಾಡಲಿಲ್ಲ. ಕೈ ತೊಳೆದುಕೊಂಡರು, ಸೆರಗಿಗೆ ಒರೆಸಿಕೊಂಡರು. "ಇನ್ನ ಆ ಬ್ರೆಡ್ಡಿಗೆ ನಾ ಕೈ ಹಚ್ಚಂಗಿಲ್ಲ. ರಜಾ ನಿಮ್ಮದು, ನೀವ ಮಾಡ್ಕೋರಿ." ವಾರವಿಡೀ ರೊಟ್ಟಿಗಳು ಎಂದಿನಂತೆ ಬಂದವು, ಆದರೆ ಮಾವನ ತಟ್ಟೆಗೆ ಬೀಳುವಾಗ ಸ್ವಲ್ಪ ಹೆಚ್ಚು ಸಪ್ಪಳವಾಗುತ್ತಿತ್ತು. ಇನ್ನೊಂದು ಬೇಕೇ ಎಂದು ಅವರು ಕೇಳಲಿಲ್ಲ. ಬೇಕು ಎಂದು ಇವರೂ ಹೇಳಲಿಲ್ಲ. ಮಾವ ಇನ್ನೂ ತೆಳ್ಳಗಾದರೆ ಹೊಣೆ ಯಾರದು ಎಂದು ನನಗೆ ಚಿಂತೆಯಾಯಿತು. ಬೆಂಚು ಹೋಗಿತ್ತು, ಈಗ ಮನೆಯ ಊಟವೂ ಬಿಗುವಾಗಿತ್ತು.

ರವಿವಾರ ಬೆಳಿಗ್ಗೆ ಮಾವ ಸ್ನಾನ ಮುಗಿಸಿ ಅಡುಗೆಮನೆಗೆ ಬಂದು, ಏನೇನು ಹಾಕಬೇಕು ಹೇಳವ್ವಾ ಎಂದರು. ಅವರು ಆ ಒಲೆಯ ಮುಂದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಹೊರಗಿನ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತು ಹೂಬತ್ತಿ ಮಾಡುತ್ತಿದ್ದರು. ಲೋಡ್ ಶೆಡ್ಡಿಂಗಿನ ಕಾಲ. ಸ್ವಲ್ಪ ಹೊತ್ತಿನಲ್ಲೇ ಕರೆಂಟು ಹೋಗುವುದಿತ್ತು. ನಾನು ಅವಸರ ಮಾಡಿದೆ. ಅವಸರಕ್ಕೆ ಮಾವ ನೀರು ಹೆಚ್ಚು ಹಾಕಿಬಿಟ್ಟರು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ. ನಾದಲು ಅದರಲ್ಲಿ ಏನೂ ಇರಲಿಲ್ಲ. ಇದ್ದಿದ್ದರೂ ಮಾವನಿಗೆ ಬರುತ್ತಿರಲಿಲ್ಲ. ಫೈಲಿನ ಮೇಲೆ ಠಸ್ಸೆ ಒತ್ತಿದ ಕೈಗಳು; ಚಮಚವನ್ನು ದೂರದಿಂದಲೇ ಹಿಡಿದು ಎರಡು ಸುತ್ತು ತಿರುಗಿಸಿ, ನಿಂಬೆರಸ ಸುರಿದು, ಹಿಟ್ಟು ನೊರೆಯಾಡಿದ್ದನ್ನು ಕಂಡು ಹಿಂದೆ ಸರಿದರು. ಎಣ್ಣೆ ಸವರಿದ ಸ್ಟೀಲ್ ಡಬ್ಬಿಗೆ ಸುರಿದು ಓವನ್ನಿಗೆ ಇಟ್ಟೆವು.

ಗಾಜಿನ ಕಿಟಕಿಯೊಳಗೆ ಅದು ಏರಿತು. ಮೊದಲು ನಡುವೆ, ಆಮೇಲೆ ಸುತ್ತ. ಮೇಲೆ ಬಿರುಕು ಬಿಟ್ಟಿತು, ಬಿರುಕಿನೊಳಗಿಂದ ಇನ್ನಷ್ಟು ಏರಿತು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮೇಲ್ಭಾಗ ಕಂದು ಬಣ್ಣಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಓವನ್ನಿನ ಬಿಸಿಯಲ್ಲೇ ಬಿಟ್ಟು ಕಾದೆವು. ಹುರಿದ ಜೋಳದ ವಾಸನೆ ಹೊರಗಿನ ಕೋಣೆಗೆ ಹೋಗಿರಬೇಕು. ಅತ್ತೆ ಬಂದರು. ಡಬ್ಬಿಯಿಂದ ಬೋರಲು ಹಾಕಿದ ಬ್ರೆಡ್ಡಿನ ತಳಕ್ಕೆ, ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ, ಬೆರಳಿನ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿದರು.

"ನಾ ಕೈ ಹಚ್ಚಲಿಲ್ಲ," ಎಂದರು. "ಅದಕ್ಕ ಉಬ್ಬೇದ."

ಅವರೇ ಅದೇ ಬಿಳಿ ಬಟ್ಟೆಯನ್ನು ತಂದು, ಬ್ರೆಡ್ಡು ಸುತ್ತಿ, ಗಂಟು ಹಾಕಿ ಮಾವನ ಮುಂದಿಟ್ಟರು. ಬಾಲವಾಡಿಯ ಮಾತು ಅವರಿಗೂ ನೆನಪಾಗಿರಬೇಕು. ಗಂಟು ಬಿಚ್ಚಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ಮಾವನ ಮೊಣಕಾಲು ಅಂದು ಚೆನ್ನಾಗಿತ್ತು. ಗಲ್ಲಿಯ ತುದಿಯವರೆಗೆ ಅವರು ಹೋದ ವೇಗವನ್ನು ನಾವಿಬ್ಬರೂ ಬಾಲ್ಕನಿಯಿಂದ ನೋಡಿದೆವು.

ತಡವಾಗಿ ಬಂದರು. ಬರಿಗೈ. ಅತ್ತೆ ರೊಟ್ಟಿಯ ಹಂಚು ಇಡುತ್ತಿದ್ದವರು ತಿರುಗಿ ನೋಡದೆ, ಹೆಂಗಿತ್ತು ಎಂದರು.

"ಗೊತ್ತಿಲ್ಲ," ಎಂದರು ಮಾವ.

ಅತ್ತೆ ತಿರುಗಿದರು.

"ಒಬ್ಬಾಂವ ರುಚಿ ನೋಡ್ತೀನಿ ಅಂದ. ಅಂವಾ ನೋಡ್ಯಾನ, ನಾನೂ ನೋಡ್ತೀನಿ ಅಂದ ಇನ್ನೊಬ್ಬಾಂವ. ಮೂರನೇದಾಂವಗ ಶುಗರ್ ಅದ, ಮೈದಾ ಇಲ್ಲಂದ್ರ ನನಗ ನಡೀತದ ಅಂತ ಉಳಿದದ್ದೆಲ್ಲಾ ಎತ್ತಿದ."

"ಮತ್ತ ನೀವು?"

"ಚಮಚಾದಾಗ ಮಿಸಳ ತಿಂದೆ."

ಬೆಂಚಿನ ವಿಷಯ ಅವರು ಆಮೇಲೆ ಹೇಳಿದರು: ಅವರ ಜಾಗದಲ್ಲಿ ಯಾರೂ ಕೂತಿರಲಿಲ್ಲ, ಒಬ್ಬ ಗೆಳೆಯ ಅಲ್ಲಿ ತನ್ನ ಛತ್ರಿ ಇಟ್ಟುಕೊಂಡಿದ್ದ, ಇವರನ್ನು ಕಂಡು ತೆಗೆದ. ಯಾವ ಸಾಹೇಬನನ್ನು ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದಲೇ ಬೈಗುಳ ಮುಂದುವರಿದಿತ್ತು. ಇದನ್ನು ಹೇಳುವಾಗ ಅವರು ತಟ್ಟೆಯ ಮುಂದೆ ಕೂತಿದ್ದರು. ಹಸಿದಿದ್ದರು. ಅತ್ತೆ ಹಂಚಿನಿಂದ ಉಬ್ಬಿದ ರೊಟ್ಟಿಯನ್ನು ತೆಗೆದು, ಸಪ್ಪಳವಿಲ್ಲದೆ ಇಟ್ಟರು.

"ಇವತ್ತ ರಜಾ ಇತ್ತಲ್ಲ?" ಎಂದರು.

"ಅರ್ಧಾ ದಿನದ್ದು," ಎಂದು ಮಾವ ರೊಟ್ಟಿ ಮುರಿದರು.

ಮುಂದಿನ ರವಿವಾರದಿಂದ ಎರಡು ಡಬ್ಬಿ ಬ್ರೆಡ್ಡು ಸಿದ್ಧವಾಗತೊಡಗಿದವು, ಒಂದು ಬೆಂಚಿಗೆ, ಒಂದು ಮಾವನಿಗೆ. ಕೂಡಿಸುವವರು ಅವರೇ. ಅತ್ತೆ ಪಕ್ಕದಲ್ಲಿ ನಿಂತು, ನೀರು ಇನ್ನೂ ಹಾಕ್ರಿ, ಸಾಕ್ರಿ, ಬಿಡ್ರಿ ಎಂದು ಹೇಳುತ್ತಿದ್ದರು. ತಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಿರುತ್ತಿದ್ದರು. ಸೆರಗಿನೊಳಗೆ ಬೆರಳುಗಳು ನಾದುತ್ತಲೇ ಇರುತ್ತಿದ್ದವು.