ಸಿಲಿಂಡರಿನ ಕತ್ತು ನೋಡುವ ಓರ್ಲೀನಾ

ಸೂರ್ಯ ಇನ್ನೂ ಹವಳದ ದಿಬ್ಬದ ಆಚೆಗೇ ಇದ್ದಾನೆ. ರೋಟಾನ್ ದ್ವೀಪದ ಫ್ರೆಂಚ್ ಹಾರ್ಬರಿನ ಧಕ್ಕೆಯ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಓರ್ಲೀನಾ ಎಬ್ಯಾಂಕ್ಸ್ ಮುಳುಗುಗಾರರ ಹಳೆಯ ಅಲ್ಯೂಮಿನಿಯಂ ಸಿಲಿಂಡರೊಂದನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಾರೆ. ಗಾಳಿಯನ್ನೆಲ್ಲ ಹೊರಬಿಟ್ಟು ವಾಲ್ವ್ ಬಿಚ್ಚಿಯಾಗಿದೆ. ಮೊದಲು ಅದರ ಬಾಯಿಗೆ ಮೂಗಿಟ್ಟು ವಾಸನೆ ನೋಡುತ್ತಾರೆ. ಎಣ್ಣೆಯ ವಾಸನೆ ಬಂದರೆ ಗಾಳಿ ತುಂಬುವ ಕಂಪ್ರೆಸರಿನ ಹೊಲಸು ಒಳಗೆ ಸೇರಿದೆ ಎಂದರ್ಥ. ಆಮೇಲೆ ಪುಟ್ಟ ಬಲ್ಬೊಂದನ್ನು ಒಳಕ್ಕೆ ಇಳಿಬಿಡುತ್ತಾರೆ. ಹಲ್ಲಿನ ಡಾಕ್ಟರ ಬಳಿ ಇರುವಂಥ ಕನ್ನಡಿಯನ್ನು ಕತ್ತಿನೊಳಗೆ ನಿಧಾನವಾಗಿ ತಿರುಗಿಸುತ್ತಾರೆ. ವಾಲ್ವ್ ತಿರುಗಿಸಿ ಕೂರಿಸುವ ಸುರುಳಿ ಗೆರೆಗಳಿರುವುದು ಅಲ್ಲೇ.

“ಹೊಟ್ಟೇಲಿ ಬಿಳೀ ಪುಡಿ ಇದ್ರೆ ತೊಳೀಬಹುದು. ಹೊರಗೆ ಗೀರು ಬಿದ್ದಿದ್ರೆ ನೋಡಿ ಬಿಡಬಹುದು. ಕತ್ತು ಬಿರುಕು ಬಿಟ್ಟಿದ್ರೆ ಮಾತ್ರ ಮುಗೀತು” ಎನ್ನುತ್ತಾರೆ, ಕನ್ನಡಿಯಿಂದ ಕಣ್ಣು ತೆಗೆಯದೆ.

ಮುಳುಗಿ ಲಾಬ್‌ಸ್ಟರ್ ಹಿಡಿಯುವ ಇಲ್ಲಿನ ದೋಣಿಗಳಲ್ಲಿ ಹಳೇ ಕಾಲದ ಸಿಲಿಂಡರುಗಳು ಇನ್ನೂ ಓಡಾಡುತ್ತಿವೆ. ಆಗ ಬಳಸುತ್ತಿದ್ದ ಒಂದು ಬಗೆಯ ಮಿಶ್ರಲೋಹಕ್ಕೆ, ವರ್ಷಗಟ್ಟಲೆ ಒತ್ತಡ ತಡೆದು ತಡೆದು, ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುವ ಕಾಯಿಲೆ. ಕಣ್ಣಿಗೆ ಕಾಣದ್ದನ್ನು ಹಿಡಿಯಲು ಓರ್ಲೀನಾ ಸುರುಳಿಯೊಳಗೆ ವಿದ್ಯುತ್ ಕಡ್ಡಿಯೊಂದನ್ನು ತಿರುಗಿಸುತ್ತಾರೆ; ಬಿರುಕಿದ್ದರೆ ಯಂತ್ರ ಕೂಗುತ್ತದೆ. ಇದರಲ್ಲಿ ಪಾಸಾದದ್ದಕ್ಕೆ ನೀರು ತುಂಬಿ, ನೀರಿನ ತೊಟ್ಟಿಯೊಳಕ್ಕೇ ಇಳಿಸಿ, ಮಾಮೂಲಿಗಿಂತ ಬಹಳ ಹೆಚ್ಚು ಒತ್ತಡ ಕೊಡುತ್ತಾರೆ. ಉಬ್ಬಿದ್ದು ಮತ್ತೆ ಮೊದಲಿನ ಅಳತೆಗೆ ಇಳಿದರೆ ಸಿಲಿಂಡರಿನ ಭುಜದ ಮೇಲೆ ಹೊಸ ತಾರೀಖಿನ ಅಚ್ಚು ಬೀಳುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಿಲಿಂಡರು ಅವರ ಕೈ ದಾಟಿ ಹೋಗುತ್ತವೆ.

ಈ ಕೆಲಸಕ್ಕೆ ಬರುವ ಮುನ್ನ ಅವರು ಮೀನು ಕಾರ್ಖಾನೆಯಲ್ಲಿ ಲಾಬ್‌ಸ್ಟರ್ ಬಾಲ ಪ್ಯಾಕ್ ಮಾಡುತ್ತಿದ್ದರು. ಗಂಡ ಹೆನ್ಸ್‌ಲಿ ದೋಣಿಯಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದರು. ಒಂದು ಬೆಳಿಗ್ಗೆ ತುಂಬುತ್ತಿದ್ದ ಸಿಲಿಂಡರಿನ ಕತ್ತು ಸೀಳಿತು. ಹೆನ್ಸ್‌ಲಿ ಬದುಕಿದರು, ಎಡಗೈ ಉಳಿಯಲಿಲ್ಲ.

“ಆಸ್ಪತ್ರೇಲಿ ಎಲ್ರೂ ದೇವರ ಇಚ್ಛೆ ಅಂದ್ರು. ನನಗೆ ಸಮಾಧಾನ ಆಗ್ಲಿಲ್ಲ. ಒಡೆದ ಚೂರು ತಗೊಂಡು ಹಡಗು ಹತ್ತಿ ಆಚೆ ದಡದ ಲಾ ಸೈಬಾ ಪಟ್ಟಣಕ್ಕೆ ಹೋದೆ. ಅಲ್ಲಿ ಸಿಲಿಂಡರು ಪರೀಕ್ಷೆ ಮಾಡೋ ಒಬ್ಬ ಮುದುಕ ಇನ್‌ಸ್ಪೆಕ್ಟರ್ ಇದ್ದ, ದೋನ್ ಪ್ಲುತಾರ್ಕೋ ಅಂತ. ಚೂರು ನೋಡಿ, ಇದು ತುಂಬಾ ದಿನದ ಹಳೇ ಬಿರುಕಮ್ಮಾ, ಯಾರಾದ್ರೂ ನೋಡಿದ್ರೆ ಸಿಕ್ತಿತ್ತು ಅಂದ. ಹಾಗಾದ್ರೆ ನೋಡೋದು ಹೇಗೆ ಅಂತ ಕಲಿಸು ಅಂದೆ.”

ಕಲಿತು, ಪರವಾನಗಿ ಪಡೆದು ಶೆಡ್ಡು ತೆರೆದ ಮೇಲೂ ಊರು ಅವರನ್ನು ಪ್ರೀತಿಸಿತು ಎನ್ನಲಾಗದು. ಹೋದ ವರ್ಷ ಲಾಬ್‌ಸ್ಟರ್ ಹಂಗಾಮು ಶುರುವಾಗುವ ಹಿಂದಿನ ದಿನ ಮೈದುನ, ಕ್ಯಾಪ್ಟನ್ ಆರ್ಡಿಸ್, ತಮ್ಮ ದೋಣಿಯ ಸಿಲಿಂಡರುಗಳನ್ನು ತಂದು ಸುರಿದರು. ಓರ್ಲೀನಾ ಒಂದೊಂದನ್ನೇ ಪಕ್ಕಕ್ಕಿಡುತ್ತ ಹೋದರು.

“ಅತ್ತಿಗೆ, ನೀನೇನು ಸಿಲಿಂಡರು ನೋಡ್ತಿದೀಯೋ, ಹೆಣ್ಣು ನೋಡೋಕೆ ಬಂದಿದೀಯೋ? ಒಂದೂ ಒಪ್ಪಿಗೆ ಆಗ್ತಿಲ್ಲ?”

“ಹೆಣ್ಣಾಗಿದ್ರೆ ಒಪ್ಪಿಬಿಡ್ತಿದ್ದೆ ಮಾರಾಯ. ಇದು ನಿನ್ನ ಜನ ಬೆನ್ನಿಗೆ ಕಟ್ಕೊಳ್ಳೋ ವಸ್ತು.”

“ಅಚ್ಚು ಒತ್ತಿಕೊಡು. ಮುಂದಿನ ವರ್ಷ ಹೊಸಾದು ತರ್ತೀನಿ.”

“ಒತ್ತಲ್ಲ.”

ತಿರಸ್ಕರಿಸಿದ ಸಿಲಿಂಡರುಗಳ ಕತ್ತಿಗೆ ಓರ್ಲೀನಾ ಕೆಂಪು ಬಣ್ಣ ಬಳಿದರು. ಮಾಲೀಕರ ಒಪ್ಪಿಗೆಯಿಲ್ಲದೆ, ಮತ್ತೆ ಬಳಸಲಾಗದಂತೆ ತೂತು ಕೊರೆಯುವ ಹಕ್ಕು ಅವರಿಗಿಲ್ಲ. ಆರ್ಡಿಸ್ ಸೀಮೆಎಣ್ಣೆಯಲ್ಲಿ ಬಣ್ಣ ಒರೆಸಿ ಅವನ್ನು ದೋಣಿಗೇರಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ಮೊಸ್ಕಿಟಿಯಾ ಕರಾವಳಿಯ ಮುಳುಗುಗಾರರು ಚೀಲ ಹಿಡಿದು ಧಕ್ಕೆಗೆ ಬಂದಿದ್ದರು. ಓರ್ಲೀನಾ ಆ ಮುಳುಗುಗಾರರ ಮುಂದೆಯೇ ಹೋಗಿ, ಬಣ್ಣ ಒರೆಸಿದ ಒಂದೊಂದು ಸಿಲಿಂಡರನ್ನೂ ಬೆರಳು ಮಾಡಿ ತೋರಿಸಿದರು. ಹಿರಿಯ ಮುಳುಗುಗಾರ ಎಲ್ಮರ್ ಲಕುತ್ ತಲೆ ತಗ್ಗಿಸಿದ.

“ಗೊತ್ತಾಯ್ತು ಮಿಸ್ ಓರ್ಲೀನಾ. ಆದ್ರೆ ನಾವು ಹತ್ತಲ್ಲ ಅಂದ್ರೆ ಬೇರೆಯೋರು ಹತ್ತುತಾರೆ.”

ಆಗ ಹೆನ್ಸ್‌ಲಿ ಬಂದರು. ಅಂದು ಧಕ್ಕೆಯಲ್ಲಿದ್ದ ನಾವು ಊರಿನವರೆಲ್ಲ ಜಗಳ ಆಗುತ್ತದೆಂದುಕೊಂಡೆವು. ಅವರು ದನಿ ಏರಿಸಲಿಲ್ಲ. ದೋಣಿ ಹತ್ತಿ ಕಂಪ್ರೆಸರಿನ ಪಕ್ಕ ಅವುಗಳಲ್ಲೊಂದನ್ನು ಉರುಳಿಸಿ ನಿಲ್ಲಿಸಿ, ಅದರ ಪಕ್ಕ ತಾವೂ ನಿಂತರು.

“ಬಾ ತಮ್ಮಾ. ಆಳಿನ ಕೈಲಿ ಬೇಡ, ನೀನೇ ತುಂಬು. ನಾನು ಇಲ್ಲೇ ಇರ್ತೀನಿ.”

ಆರ್ಡಿಸ್ ಗಾಳಿಯ ಕೊಳವೆ ಕೈಗೆತ್ತಿಕೊಂಡರು. “ನೀನು ಆ ಕಡೆ ಹೋಗಣ್ಣ” ಅಂದರು. ಹೆನ್ಸ್‌ಲಿ ಕದಲಲಿಲ್ಲ. ಕೊನೆಗೆ ಆರ್ಡಿಸ್ ಕೊಳವೆಯನ್ನು ನೆಲಕ್ಕೆ ಹಾಕಿ, ಯಾರ ಮುಖವನ್ನೂ ನೋಡದೆ, ಸಿಲಿಂಡರುಗಳನ್ನು ಇಳಿಸಲು ಹೇಳಿದರು. ಶೆಡ್ಡಿನಲ್ಲಿ ಡ್ರಿಲ್ ಹಿಡಿದು ಅವುಗಳಿಗೆ ತೂತು ಕೊರೆದದ್ದೂ ಆರ್ಡಿಸ್ ಅವರೇ.

ದೋಣಿ ತಡವಾಗಿ, ಅರ್ಧ ಸಿಲಿಂಡರುಗಳೊಂದಿಗೆ ಹೊರಟಿತು. ಹಿಡಿದದ್ದೂ ಕಡಿಮೆಯೇ. ಕ್ರಿಸ್‌ಮಸ್ಸಿನವರೆಗೂ ಆರ್ಡಿಸ್ ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ. ಓರ್ಲೀನಾಗೆ ಆ ನೋವು ಇತ್ತು. “ನನ್ನ ಕೈಯಿಂದ ತೆಂಗಿನ ಹಾಲಿನ ರೊಟ್ಟಿ ತಿಂದು ಬೆಳೆದವನು” ಎನ್ನುತ್ತಾರೆ ಈಗಲೂ. ಈ ವರ್ಷ ಹಂಗಾಮಿಗೆ ತಿಂಗಳಿರುವಾಗಲೇ ಆರ್ಡಿಸ್ ಸಿಲಿಂಡರುಗಳನ್ನು ತಂದಿಳಿಸಿದ್ದಾರೆ. ಕ್ಷಮೆ ಕೇಳಿಲ್ಲ. “ಎಷ್ಟು ದಿನ ಬೇಕಾದ್ರೂ ತಗೋ ಅತ್ತಿಗೆ” ಎಂದಷ್ಟೇ ಹೇಳಿ, ಕೊಟ್ಟ ಕಾಫಿ ಕುಡಿದು ಹೋಗಿದ್ದಾರೆ.

ನಿಮ್ಮಿಂದ ಎಷ್ಟು ಜೀವ ಉಳಿದಿರಬಹುದು ಎಂದು ಕೇಳಿದೆ. ಓರ್ಲೀನಾ ಮುಂದಿನ ಸಿಲಿಂಡರನ್ನು ತೊಡೆಗೆ ಎಳೆದುಕೊಂಡರು.

“ಅದು ಹೇಗೆ ಗೊತ್ತಾಗುತ್ತೆ? ಒಡೆದ್ರೆ ಊರಿಗೆಲ್ಲ ಕೇಳುತ್ತೆ, ಒಡೀದೇ ಇದ್ದಿದ್ದು ಯಾರಿಗೂ ಕೇಳಲ್ಲ. ದೋಣಿ ವಾಪಸ್ ಬಂದಾಗ ಧಕ್ಕೆಗೆ ಹೋಗಿ ಇಳಿಯೋರನ್ನ ನೋಡ್ತೀನಿ. ಹೋದೋರೆಲ್ಲ ಇದ್ರೆ ಮನೆಗೆ ಬಂದು ಊಟ ಮಾಡ್ತೀನಿ.”