ನಮ್ಮ ಮನಿಯವರ ವಾಚಿಗೆ ನಾ ಮುಳ್ಳು ಹಾಕಿದ್ದು

ನಾನು ನಮ್ಮ ಮನಿಯವರ ವಾಚು ಕೆಡಿಸೀನಂತ ಓಣಿ ತುಂಬ ಸುದ್ದಿ ಆಗೈತಿ. ಪೂರಾ ಸುಳ್ಳು. ಹಬ್ಬಿಸಿದವರು ಬ್ಯಾರೆ ಯಾರೂ ಅಲ್ಲ, ನಮ್ಮ ಮನಿಯವರ. ಅವರು ಬಾಯಿಲೆ ಹೇಳ್ಕೊಂತ ತಿರುಗಾಕತ್ತಾರ, ನಾನು ಬರದು ಹೇಳ್ತೀನಿ. ಫೋನಿನಾಗ ಕನ್ನಡ ಒತ್ತೋದು ಸೊಸಿ ಈಗೀಗ ಕಲಿಸ್ಯಾಳ. ಒತ್ತಕ್ಷರ ಬಂದ್ರ ತ್ರಾಸ ಆಕ್ಕೈತಿ, ಆದ್ರ ಸಿಟ್ಟು ಇದ್ರ ಬೆರಳು ತಾವಾಗೇ ಓಡ್ತಾವ.

ನಮ್ಮ ಮನಿಯವರು ಕೆನಾಲಿನ ಮ್ಯಾಲ ಗ್ಯಾಂಗಮನ್ ಆಗಿದ್ರು. ಇಷ್ಟು ಗಂಟೆಗೆ ಗೇಟು ಎತ್ತು, ಇಷ್ಟಕ್ಕ ಇಳಿಸು, ಎಲ್ಲಾ ವಾಚು ನೋಡಿ ಮಾಡೋ ನೌಕರಿ. ರಿಟೈರಾಗಿ ಮಸ್ಕಿಗೆ ಬಂದು ಮನಿ ಮುಂದಿನ ಕಟ್ಟಿ ಮ್ಯಾಲ ಕುಂತ್ರು, ಆದ್ರ ಆ ಕಿಲ್ಲಿ ಕೊಡೋ ವಾಚು ಮಾತ್ರ ಕೈಬಿಟ್ಟು ಇಳೀಲಿಲ್ಲ. ಈಗ ಎಲ್ಲಾರ ಕಿಸೆದಾಗೂ ಫೋನ್ ಅದಾವ. ಆದ್ರೂ ಹೋಗಾವ್ರು ಬರಾವ್ರು "ಮುತ್ಯಾ, ಎಷ್ಟಾತು?" ಅಂತ ಕೇಳ್ತಾರ. ಕೇಳಿದ್ರ ಸಾಕು, ಅಂಗಿ ತೋಳು ಹಿಂದಕ್ಕ ಸರಿಸಿ, ಮುಂಗೈ ಎತ್ತಿ, ಒಂದೀಟು ತಡದು, ಜಡ್ಜು ತೀರ್ಪು ಕೊಟ್ಟಂಗ ಟೈಮು ಹೇಳ್ತಾರ. ಅವರಿಗೆ ದಿನಕ್ಕ ಅದೊಂದ ಸಂಭ್ರಮ.

ಒಂದು ಐತವಾರ ಬಾಜು ಮನಿಯಾಕಿ ಸಿಂಧನೂರಿಗೆ ಬಸುರಿ ತಂಗಿ ಕುಬಸಕ್ಕ ಹೊಂಟಿದ್ಲು. ಇವರನ್ನ ಟೈಮು ಕೇಳಿ ಹೋದಾಕಿ ಸ್ವಲ್ಪ ಹೊತ್ತಿಗೆ ಬುಟ್ಟಿ ಹೊತ್ಕೊಂಡು ವಾಪಸ್ ಬಂದು ನಮ್ಮ ಬಾಗಲಾಗ ನಿಂತು ಬಾಯಿ ಮಾಡಾಕತ್ತಿದ್ಲು.

"ಯಮ್ಮಾ, ಇನ್ನಾ ಅರ್ಧ ತಾಸು ಐತಿ ಅಂದಾನ ನಿಮ್ಮ ಮುತ್ಯಾ! ನಾ ಹೋಗೂದ್ರಾಗ ಬಸ್ಸು ಹೋಗೇ ಬಿಟ್ಟೈತಿ!"

ನಾನು ಬಿಡ್ತೀನೇನು? "ಅವರು ಟೈಮು ಹೇಳ್ತಾರ ತಂಗೀ, ಬಸ್ಸು ಹಿಡದು ನಿಂದ್ರಸಂಗಿಲ್ಲ. ನೀ ಪೌಡರ್ ಹಚ್ಕೊಂತ ಕುಂತ್ರ ಡ್ರೈವರ್ ಆರತಿ ಹಿಡ್ಕೊಂಡು ಕಾಯ್ತಾನೇನು?" ಅಂತ ಅಂದು ಕಳಿಸಿದೆ. ಗಂಡನ್ನ ಮಂದಿ ಮುಂದ ಬಿಟ್ಟು ಕೊಡಬಾರದಲ್ಲ. ಬೈಯೋದಿದ್ರ ನಾನ ಬೈತೀನಿ.

ಅವರು ಜಳಕಕ್ಕ ಹೋದಾಗ ವಾಚು ಕೈಯಾಗ ತಗೊಂಡು ನೋಡಿದೆ. ನೋಡಿ ತಲಿ ಕೆಟ್ಟು ಹೋತು. ಬಂಗಾರ ಬಣ್ಣದ ಡಯಲ್, ಅದರ ಮ್ಯಾಲ ಬಂಗಾರ ಬಣ್ಣದ್ದ ಕೂದಲೆಳಿ ಅಂಥ ಮುಳ್ಳು. ಚಾಳೀಸು ಹಾಕ್ಕೊಂಡ ನನಗ ಹುಡುಕಬೇಕಾತು. ಇಂಥದ್ದು ಮಾಡಿದ ಪುಣ್ಯಾತ್ಮ ಯಾರು? ಅವನಿಗೆ ವಯಸ್ಸಾಗಂಗಿಲ್ಲೇನು? ತಪ್ಪು ಇವರದಲ್ಲ, ಮುಳ್ಳಿನದು ಅಂತ ನಿಕ್ಕಿ ಮಾಡ್ಕೊಂಡು, ದಪ್ಪನ್ನ ಕರಿ ಮುಳ್ಳು ಹಾಕಿಸಬೇಕಂತ ಠರಾಯಿಸಿದೆ.

ಗಾಜು ಒರಸಿಸ್ಕೊಂಡು ಬರ್ತೀನಂತ ಹೇಳಿ ವಾಚು ಇಸ್ಕೊಂಡೆ. "ಸಂಜಿ ಒಳಗ ನನ್ನ ಕೈಯಾಗ ಇರಬೇಕು," ಅಂತ ಮಾತು ತಗೊಂಡ ಕೊಟ್ರು.

ಲಿಂಗಸುಗೂರಿನ ವಾಚಿನ ಅಂಗಡಿಯವ ಫೋನ್ ನೋಡ್ಕೊಂತ ಕುಂತಿದ್ದ. ಮುಳ್ಳು ಬದಲಿ ಮಾಡು ಅಂದೆ.

"ಅಮ್ಮಾ, ಇದಕ್ಕ ಇದ ಚಂದ. ಕರೇದು ಹಾಕಿದ್ರ ವಾಚಿನ ಶೋ ಹೋಗ್ತೈತಿ."

"ಅವರೇನು ಮದುವಿ ಗಂಡಲ್ಲಪ್ಪಾ. ಟೈಮು ಕಾಣಬೇಕು."

"ಹಂಗಿದ್ರ ಅಜ್ಜಗ ಒಂದು ಮೊಬೈಲ್ ಕೊಡಸ್ರಿ. ಅದ ಬಾಯಿ ಬಿಟ್ಟು ಟೈಮು ಹೇಳ್ತೈತಿ."

"ಬಾಯಿ ಬಿಟ್ಟು ಹೇಳಾಕ ಮನ್ಯಾಗ ನಾನದೀನಿ. ಮುಳ್ಳು ಅದಾವೋ ಇಲ್ಲೋ?"

ಆವಾಗ ಆ ಮನುಷ್ಯಾ ಏನು ಮಾಡಿದ ಅಂತೀರಿ? ನನ್ನ ಬಾಜುಕ ನಿಂತಿದ್ದ ಯಾರೋ ಗಿರಾಕಿಗೆ, "ಅಮ್ಮಾರ ಜೋಡಿ ನೀವು ಬಂದೀರೇನ್ರಿ?" ಅಂತ ಕೇಳಿದ! ನಾನೇನು ಕಳದು ಹೋದ ಚೀಲ ಏನು, ಯಾರದು ಅಂತ ಕೇಳಾಕ? ಆ ಗಿರಾಕಿ ಇಲ್ಲಂದು ಎರಡು ಹೆಜ್ಜಿ ಆಚೆ ಸರದ. ಕಡಿಗೆ ಅಂಗಡಿಯವ ಹಿಂದಿನ ಡಬ್ಬಿ ತಗದು, ತೂತು ಅಳತಿ ನೋಡಿ, ಬರೋಬ್ಬರಿ ಕೂಡೋ ಎರಡು ಕರಿ ಮುಳ್ಳು ಆರಿಸಿದ. ವಾಚು ಎಂಟು ದಿನ ಬಿಟ್ಟು ಹೋಗ್ರಿ ಅಂದ. ಆಗಂಗಿಲ್ಲ, ಮುಳ್ಳು ಕೊಡು, ಮನ್ಯಾಗ ಹಾಕ್ಕೊಂತೀನಿ ಅಂದೆ.

ನಕ್ಕ. "ನಿಮ್ಮ ಕಡಿಂದ ಆಗೂದಲ್ಲಮ್ಮಾ. ಭಾಳ ನಾಜೂಕಿನ ಕೆಲಸ."

ನಾಜೂಕಂತ! ಕೂಸಿನ ಕಣ್ಣಾಗ ಬಿದ್ದ ಕಸ ಸೆರಗಿನ ತುದೀಲೆ ತಗದಾಕಿ ನಾನು. ಅಂಗಾಲಾಗ ಮುರದ ಜಾಲಿಮುಳ್ಳು ಕೀಳಾಕ ಅರ್ಧ ಓಣಿ ನಮ್ಮ ಕಟ್ಟಿಗೆ ಬರ್ತೈತಿ. ಬಸ್ಸಿನಾಗ ಮಸ್ಕಿ ಮುಟ್ಟೂತನ ಅವನಿಗೆ ಏನೇನು ಅನಬೇಕಿತ್ತು ಅಂತ ಮನಸಿನಾಗ ಅನ್ಕೊಂತ ಬಂದೆ. ಎಲ್ಲಾ ಚೊಲೊ ಮಾತು ಬಸ್ಸು ಹತ್ತಿದ ಮ್ಯಾಲ ಹೊಳೀತಾವ.

ಮನಿಗೆ ಬಂದು ಪಡಸಾಲ್ಯಾಗ ಪರಾತ ಇಟ್ಟು, ಅದರಾಗ ಬಿಳಿ ಅರಿವಿ ಹಾಸಿದೆ. ಏನರ ಜಾರಿ ಬಿದ್ರ ಅದರಾಗ ಬೀಳಬೇಕಂತ. ಫ್ಯಾನ್ ಬಂದ್ ಮಾಡಿದೆ. ಗಾಜಿನ ಸುತ್ತ ಇರೋ ಬಳಿಯಂಥ ಪಟ್ಟಿಗೆ ಚಾಕುವಿನ ತುದಿ ಕೊಟ್ಟು ಮೀಟಿದ್ರ ಟಕ್ಕಂತ ಎದ್ದು ಬಂತು. ಡಯಲಿಗೆ ಗೀರು ಬೀಳಬಾರದಂತ ಹಾಲಿನ ಪಾಕೀಟಿನ ತುಂಡು ಕೆಳಗ ಹಾಕಿ, ಎರಡೂ ಕಡಿಂದ ಸೂಜಿ ಕೊಟ್ಟು ಹಗೂರಕ ಎತ್ತಿದೆ. ಹಳೇ ಮುಳ್ಳು ಒಂದರ ಹಿಂದ ಒಂದು ಬಂದ್ವು. ಹೊಸಾವು ಚಿಮಟಿಗೀಲೆ ಹಿಡದು, ಮೊದಲು ಸಣ್ಣದು, ಅದರ ಮ್ಯಾಲ ದೊಡ್ಡದು, ಎರಡೂ ಹನ್ನೆರಡಕ್ಕ ಮಾರಿ ಮಾಡಿ ಇಟ್ಟು, ಖಾಲಿ ರೀಫಿಲ್‌ನ ಹಿಂದಿನ ತುದೀಲೆ ಒತ್ತಿದೆ. ಉಸುರು ಬಿಡಾಕೂ ಹೆದರಿಕಿ. ಕೂತ್ವು! ಗಾಜು ಒತ್ತಿ ಕೂಡಿಸಿದೆ. ಕಿಲ್ಲಿ ಇಳದು ವಾಚು ನಿಂತಿತ್ತು. ಕಿಲ್ಲಿ ಕೊಟ್ಟು ಟೈಮು ಕೂಡಿಸೋದೊಂದ ಉಳದಿತ್ತು. ಅಷ್ಟರಾಗ ಇವರು ಹೊರಗಿಂದ ಬಂದು ಕೈ ಚಾಚಿದ್ರು.

"ತಾ ಇಲ್ಲೆ. ಎಷ್ಟೊತ್ತು ಬೇ?"

"ಗಾಜು ಅಷ್ಟ ಅಲ್ರೀ, ಮುಳ್ಳೂ ಹೊಸಾವು ಹಾಕೀನಿ. ನೋಡ್ರಿ," ಅಂತ ಕೊಟ್ಟೆ.

ಕಟ್ಟಿಕೊಂಡ್ರು. ಅಂಗಿ ತೋಳು ಸರಿಸಿದ್ರು. ಮುಂಗೈ ಎತ್ತಿದ್ರು. ಒಂದೀಟು ತಡದ್ರು.

"ಹಾಂ, ಈಗ ಫಸ್ಟ್ ಕ್ಲಾಸ್ ಕಾಣ್ತೈತಿ. ಐದೂವರಿ."

ಫೋನ್ ನೋಡಿದೆ. ಖರೇನ ಐದೂವರಿ ಆಗಿತ್ತು. ಆದ್ರ ಅವರ ಕೈಯಾಗಿನ ವಾಚು ನಡದ ಇದ್ದಿಲ್ಲ. ಎರಡೂ ಮುಳ್ಳು ಒಂದರ ಮ್ಯಾಲ ಒಂದು ಹನ್ನೆರಡರಾಗ ನಿಂತಿದ್ವು.

ನಾನು ದನಿ ಎತ್ತಲಿಲ್ಲ. ಮೆಲ್ಲಕ ಕೇಳಿದೆ, "ಯಾವ ಮುಳ್ಳು ಎಲ್ಲೈತ್ರಿ?"

"ಸಣ್ಣದು ಐದು ದಾಟೈತಿ, ದೊಡ್ಡದು ಆರರ ಮ್ಯಾಲ ಐತಿ. ಇಷ್ಟು ವರ್ಷ ಆತು, ನಿನಗ ವಾಚು ನೋಡಾಕ ಬರಂಗಿಲ್ಲೇನು?"

ಮೈಯೆಲ್ಲಾ ಉರದು ಹೋತು. "ನಿಂತ ವಾಚದು! ಹನ್ನೆರಡಕ್ಕ ನಿಂತೈತಿ! ಎಂದಿನಿಂದ ಕಾಣವಲ್ದು ನಿಮಗ? ಖರೆ ಹೇಳ್ರಿ!"

ಮುಖ ಆಚೆ ತಿರುವಿದ್ರು. ಬೈದು ಬೈದು ಬಾಯಿ ಬಿಡಿಸಿದೆ. ಮುಳ್ಳು ಕಾಣದಂಗಾಗಿ ಭಾಳ ದಿನ ಆಗಿತ್ತಂತ. ಮುಂಜಾನಿ ಬಾಂಗು, ಆಮ್ಯಾಲ ಸಾಲಿ ಗಂಟಿ, ಹಿಟ್ಟಿನ ಗಿರಣಿ ಚಾಲೂ ಆಗೋ ಸಪ್ಪಳ, ಸಂಜೀಕ ಸಾಲಿ ಬಿಟ್ಟ ಹುಡುಗರ ಗದ್ದಲ, ಇವನ್ನ ಕೇಳಿಸ್ಕೊಂಡು ಟೈಮು ಹೇಳ್ತಿದ್ರಂತ. ಐತವಾರ ಸಾಲಿ ಇಲ್ಲ, ಗಂಟಿ ಇಲ್ಲ. ಅದಕ್ಕ ಬಾಜು ಮನಿಯಾಕಿ ಬಸ್ಸು ಹೋತು. ಆಕಿ ಪೌಡರಿಗೆ ಬೈದ ನನ್ನ ಬಾಯಿಗೆ ಏನು ಹೇಳಲಿ!

"ಎಲ್ಲಾ ಕೇಳಸ್ತೈತಲ್ಲ, ಸಾಕು ಬಿಡು," ಅಂದ್ರು.

"ದಿನಾ ಮುಂಜಾನೆ ಹೈವೇ ದಾಟಿ ತಿರುಗಾಡಾಕ ಹೋಗ್ತೀರಿ. ಲಾರಿನೂ ಕಿವೀಲೆ ನೋಡಿ ದಾಟ್ತೀರೇನು?"

ಅವರು ವಾಚಿನ ಬೆಲ್ಟು ಸರಿ ಮಾಡ್ಕೊಂತ ಕುಂತ್ರು. ದಾಟ್ತಿದ್ರು ಅಂದಂಗಾತಲ್ಲ. ನಾನು ಮನ್ಯಾಗ ರೊಟ್ಟಿ ಬಡಕೊಂತ ಆರಾಮಾಗಿ ಕುಂತಿರ್ತಿದ್ದೆ.

ಕಡಿಗೆ ತಾವ ಅಂದ್ರು, "ಕಣ್ಣಿಗೆ ಸೂಜಿ ಹಾಕ್ತಾರಂತ. ಹಾಕಿದ್ರೂ ಕಣ್ಣು ಬರಲಿಲ್ಲಂದ್ರ? ಮುತ್ಯಾಗ ಕಾಣಂಗಿಲ್ಲ ಅಂತ ಗೊತ್ತಾದ್ರ, ಆಮ್ಯಾಲ ಯಾರೂ ಕೇಳಂಗಿಲ್ಲ ಬಿಡು."

ನಾನು ಅವರ ಕೈಯಾಗಿನ ವಾಚು ಬಿಚ್ಚಿ, ಕಿಲ್ಲಿ ಕೊಟ್ಟು, ಟೈಮು ಕೂಡಿಸಿ ನನ್ನ ಕೈಗೆ ಕಟ್ಟಿಕೊಂಡೆ. "ನೋಡಾಕ ಬಂದ ದಿನ ತಗೊಳ್ರಿ," ಅಂದೆ. "ಕಳ್ಳಿ," ಅಂದ್ರು. ಅನ್ನಲಿ.

ಒಂದಿಷ್ಟು ದಿನ ಕಟ್ಟಿ ಮ್ಯಾಲ ಬರೀ ಮುಂಗೈ ತಿಕ್ಕೊಂತ ಕುಂತ್ರು. ಯಾರರ ಟೈಮು ಕೇಳಿದ್ರ, "ಒಳಗ ಆಕಿನ್ನ ಕೇಳ್ರಿ," ಅಂತಿದ್ರು. ನಾನು ಬೇಕಂತನ ಹೊರಗ ಬಂದು, ಸೀರಿ ಸೆರಗು ಸರಿಸಿ, ಮುಂಗೈ ಎತ್ತಿ, ಒಂದೀಟು ತಡದು ಹೇಳ್ತಿದ್ದೆ. ಅದು ಅವರಿಗೆ ತಡಕೊಳ್ಳಾಕ ಆಗಲಿಲ್ಲ. ಒಂದು ದಿನ ಮುಂಜಾನೆ ತಾವ ಧೋತರ ಉಟ್ಕೊಂಡು ಬಾಗಲಾಗ ನಿಂತು, "ನಡಿ ಸಿಂಧನೂರಿಗೆ," ಅಂದ್ರು.

ಕಣ್ಣಿನ ದವಾಖಾನ್ಯಾಗ ಪೊರಿ ಬಲಿತೈತಿ, ಇಷ್ಟು ದಿನ ಹೆಂಗ ಬಿಟ್ರಿ ಅಂತ ಡಾಕ್ಟರ್ ನನ್ನ ಬೈದ್ರು. ನನ್ನ! ಇವರು ಬಾಜುಕ ಕುಂತು ಏನೂ ಅರೀದ ಕೂಸಿನಂಗ ತಲಿ ಅಲ್ಲಾಡಿಸಿದ್ರು. ಆಪರೇಷನ್ ಮಾಡೂತನ ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸ್ಕೊಳ್ಳಲಿಲ್ಲ.

ಪಟ್ಟಿ ತಗದ ಮ್ಯಾಲ ಕರಿ ಚಾಳೀಸು ಹಾಕ್ಕೊಂಡು ನನ್ನ ಮಾರಿ ನೋಡಿದ್ರು, ಗ್ವಾಡಿ ನೋಡಿದ್ರು, ಆಮ್ಯಾಲ ನನ್ನ ಕೈ ಹಿಡದು ವಾಚು ಮೂಗಿನ ತನ ತಂದ್ರು. ಭಾಳೊತ್ತು ನೋಡಿದ್ರು.

"ಏನಬೇ ಇದು? ದೊಡ್ಡ ಮುಳ್ಳು ಇನ್ನಾ ಹನ್ನೆರಡಕ್ಕ ಬಂದಿಲ್ಲ, ಸಣ್ಣದು ಆಗಲೇ ಹನ್ನೊಂದು ದಾಟಿ ಕುಂತೈತಲ್ಲ! ಸೊಟ್ಟ ಹಾಕೀದಿ!"

ಖರೇನ, ಕೂದಲೆಳಿಯಷ್ಟು ಸೊಟ್ಟ ಇತ್ತು. ನನಗ ಕಂಡಿದ್ದಿಲ್ಲ. ಅವರಿಗೆ ಕಂಡಿತು. ಅಳು ಬಂತು, ಅಳೂದ್ರಾಗ ಸಿಟ್ಟು ಬಂತು. ಬಿಚ್ಚಿ ಅವರ ಕೈಗೆ ಕಟ್ಟಿದೆ.

ಮತ್ತ ಬಿಚ್ಚಿ ನೆಟ್ಟಗ ಕೂಡಿಸ್ತೀನಿ ಕೊಡ್ರಿ ಅಂದ್ರ ಇವತ್ತಿಗೂ ಕೊಡವಲ್ರು. ಕಟ್ಟಿ ಮ್ಯಾಲ ಕುಂತು, ಟೈಮು ಕೇಳಿದವರಿಗೆಲ್ಲಾ, "ನಮ್ಮಾಕಿ ಮುಳ್ಳು ಸೊಟ್ಟ ಹಾಕ್ಯಾಳ, ಆದ್ರೂ ನಾ ಬರೋಬ್ಬರಿ ಹೇಳ್ತೀನಿ ನೋಡು," ಅಂತ ಶುರು ಮಾಡ್ತಾರ. ಬಾಜು ಮನಿಯಾಕಿ ಅಂತೂ ಬಸ್ಸಿಗೆ ಹೋಗೂದಿಲ್ಲದಿದ್ರೂ ಬಂದು ಕೇಳಿ ನಕ್ಕೊಂತ ಹೋಗ್ತಾಳ. ಟೈಮು ಕೇಳಿದ್ರ ಟೈಮು ಅಷ್ಟ ಹೇಳಬೇಕು. ನಡುವ ನನ್ನ ಸುದ್ದಿ ಯಾಕ ಬೇಕ್ರಿ ಇವರಿಗೆ?